ಬ್ರಿಯೆನ್ ಪಾಠಶಾಲೆಯಲ್ಲಿ ನೆಪೋಲಿಯನ್

ನೆಪೋಲಿಯನ್ ಬೋನಪಾರ್ಟನ ಯುದ್ಧಗಳನ್ನು ಕುರಿತು ವಾಚಕರು ಬೇಕಾದಷ್ಟು ಓದಿರುವರು. ಆಸ್ಟರ್‌ಲಿಟ್ಸಿನ ಜಯವನ್ನೂ ವಾಟರ್ಲೂವಿನ ಅಪಜಯವನ್ನೂ ನಮ್ಮ ಶಾಲೆಯ ಹುಡುಗರೇ ಹೇಳಬಲ್ಲರು. ಆತನು ಓದಿದ ಪಾಠಶಾಲೆಯ ವಿಚಾರವನ್ನು ಎತ್ತುವವರು ಮಾತ್ರ ವಿರಳ. ಪರಾಧೀನವಾದ ನಾಡಿನ ಹುಡುಗನೊಬ್ಬನು ಗೆದ್ದವರ ಖರ್ಚಿನಲ್ಲಿ, ಗೆದ್ದವರ ಭಾಷೆಯಲ್ಲಿ ವಿದ್ಯೆ ಕಲಿತ ಕಥೆಯಿದು. ಆದಕಾರಣ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಕಾರ್ಸಿಕಾ ದ್ವೀಪವನ್ನು ಜಿನೋವಾದವರು 1768ರಲ್ಲಿ ಫ್ರಾನ್ಸಿನ ದೊರೆಗೆ ಒಪ್ಪಿಸಿಬಿಟ್ಟರು. ದ್ವೀಪದ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಪಾವೊಲಿ ಎಂಬ ನಾಯಕನ ಕೈಕೆಳಗೆ ಅವರು ಕಾದಾಡಿ, 1769ನೆಯ ಮೇ ತಿಂಗಳಲ್ಲಿ ಪೊಂಟೆ ನೊವೊ ಎಂಬಲ್ಲಿ ಸೋತರು. ಅದೇ ವರ್ಷದ ಆಗಸ್ಟ್ 15ರಂದು ಅಜಾಸಿಯೊ ಪಟ್ಟಣದಲ್ಲಿ ನೆಪೋಲಿಯನ್ನನು ಹುಟ್ಟಿದನು. ತಂದೆಯಾದ ಕಾರ್ಲೊ ಮೊದಲು ಪಾವೊಲಿಯ ಪಕ್ಷದವನು. ಸೋಲಾದ ಮೇಲೆ ಹೊಸ ಪ್ರಭುಗಳೊಡನೆ ಹೊಂದಿಕೊಂಡ ವಕೀಲನು. ಮನೆಯಲ್ಲಿ ಮಕ್ಕಳು ಹೆಚ್ಚು, ವರಮಾನ ಕಡಮೆ. ಕುಲೀನರಾದ ಬಡವರ ಮಕ್ಕಳಿಗೆ ದೊರೆಯ ವೆಚ್ಚದಲ್ಲಿ ವಿದ್ಯೆ ಹೇಳಿಸುವ ಏರ್ಪಾಡೊಂದು ಆಗ ಇದ್ದಿತು. ಕಾರ್ಲೊ ನಾಲ್ಕು ತಲೆಮಾರಿನ ಕುಲೀನತೆಗೆ ಕಾಗದಪತ್ರಗಳನ್ನು ಒದಗಿಸಿ, ಅಧಿಕಾರಿಗಳ ಬಾಗಿಲು ಕಾದು, ಎರಡನೆಯ ಮಗನಿಗೆ ಆ ಉಪಕಾರವನ್ನು ಸಂಪಾದಿಸಿದನು.

ಈ ಏರ್ಪಾಡು 1776ರದು. ಯುದ್ಧಮಂತ್ರಿಯಾಗಿದ್ದ ಸೇಂಟ್ ಜರ್ಮೇನ್ ಪ್ರಭುವು ಪ್ರಾಂತಗಳಲ್ಲಿ ಸನ್ಯಾಸಿಗಳು ನಡೆಸುತ್ತಿದ್ದ 12 ಪಾಠಶಾಲೆಗಳನ್ನು ಆರಿಸಿ, ಪ್ಯಾರಿಸಿನ ಸೈನಿಕ ವಿದ್ಯಾಲಯಕ್ಕೆ ಹುಡುಗರನ್ನು ಸಿದ್ಧಪಡಿಸುವ ಕೆಲಸವನ್ನು ಅವುಗಳಿಗೆ ವಹಿಸಿದನು. ಶಾಂಪೇನ್ ಸೀಮೆಯ ಬ್ರಿಯೆನ್ ಊರಿನ ಪಾಠಶಾಲೆಯು ಅವುಗಳಲ್ಲೊಂದು. ಅದನ್ನು ನಡೆಸುತ್ತಿದ್ದವರು ಮಿನಿಮ್ ಪಂಗಡದ ಸನ್ಯಾಸಿಗಳು. ಕತ್ತಿ ಹಿಡಿಯತಕ್ಕ ಹುಡುಗರಿಗೆ ಜಪಮಾಲೆ ಹಿಡಿದವರು ಗುರುಗಳಾದುದು ವಿಚಿತ್ರವೆನಿಸಬಹುದು. ಆದರೆ ಆ ಕಾಲದ ಯೂರೋಪಿನಲ್ಲಿ ಪಾಠ ಹೇಳಬಲ್ಲವರು ಬಹುಮಟ್ಟಿಗೆ ಅವರೇ.

ಹುಡುಗನಿಗೆ ಫ್ರೆಂಚ್ ಭಾಷೆ ಬಾರದು. 1779ರ ಆರಂಭದಲ್ಲಿ ಓತನ್ ಪಟ್ಟಣದ ಶಾಲೆಯಲ್ಲಿ ಕೆಲವು ತಿಂಗಳು ಅದನ್ನು ಕಲಿತು, ಮೇ ತಿಂಗಳಲ್ಲಿ ಬ್ರಿಯೆನ್ನನ್ನು ಸೇರಿದನು. ಆಗ ವಯಸ್ಸು ಒಂಬತ್ತು. ಓದು ಮುಗಿಯುವ ತನಕ ಮನೆಗೆ ಹೋಗುವಂತಿಲ್ಲವೆಂಬುದು ಕಟ್ಟುನಿಟ್ಟು. ಮಲಗಲು ಇಕ್ಕಟ್ಟಾದ ಕೋಣೆ, ಒಂದು ಮಂಚ, ನೀರಿನ ಹೂಜಿ, ಮುಖ ತೊಳೆಯುವ ಬೋಗುಣಿ. ಲ್ಯಾಟಿನ್, ಜರ್ಮನ್, ಚರಿತ್ರೆ, ಭೂಗೋಳ, ಗಣಿತ, ಚಿತ್ರಲೇಖನ ಇವು ಪಾಠಗಳು. ಕತ್ತಿವರಸೆ, ಸಂಗೀತ, ನೃತ್ಯಗಳೂ ಉಂಟು. ಯುದ್ಧತಂತ್ರವೆಂಬುದು ಹೆಸರಿಗೆ ಅಷ್ಟೆ.

ಲ್ಯಾಟಿನ್ ಈತನಿಗೆ ಹತ್ತಲಿಲ್ಲ, ಜರ್ಮನ್ ಎಂದಿಗೂ ಬರಲಿಲ್ಲ. ಫ್ರೆಂಚಿನ ಕಾಗುಣಿತವು ಚಕ್ರವರ್ತಿಯಾದ ಮೇಲೂ ತಪ್ಪುತ್ತಲೇ ಇದ್ದಿತು. ಗಣಿತದಲ್ಲಿ ಮಾತ್ರ ಆತನನ್ನು ಸರಿಗಟ್ಟುವವರು ಕಡಮೆ. ಅದಕ್ಕೆ ಪಾತ್ರೋ ಎಂಬ ಉಪಾಧ್ಯಾಯರ ಪ್ರೋತ್ಸಾಹವೂ ದೊರೆಯಿತು. ಗಣಿತವನ್ನು ಮಕ್ಕಳಿಗೆ ಗಟ್ಟಿಮಾಡಿಸಲು ಪಿಶೆಗ್ರು ಎಂಬ ಬಡ ಯುವಕನೊಬ್ಬನು ಅಲ್ಲಿದ್ದನು. ಅವನು ಮುಂದೆ ಹಾಲೆಂಡನ್ನು ಗೆದ್ದ ಸೇನಾಪತಿಯಾಗಿ, ಆಮೇಲೆ ನೆಪೋಲಿಯನ್ನನ ವಿರುದ್ಧ ಒಳಸಂಚು ಹೂಡಿ, 1804ರಲ್ಲಿ ಸೆರೆಮನೆಯಲ್ಲಿ ಸತ್ತುಬಿದ್ದನು. ಚರಿತ್ರೆ, ಭೂಗೋಳಗಳೆಂದರೆ ನೆಪೋಲಿಯನ್ನನಿಗೆ ಪ್ರೀತಿ. ಪ್ಲುಟಾರ್ಕನು ಬರೆದ ವೀರರ ಚರಿತ್ರೆಗಳನ್ನು ಬಿಡದೆ ಓದುತ್ತಿದ್ದನು. 1799ರ ಜನವರಿಯಲ್ಲಿ ಕೈರೋ ಪಟ್ಟಣದಿಂದ ಆತನು ನಮ್ಮ ಟಿಪ್ಪೂ ಸುಲ್ತಾನನಿಗೆ ಬರೆದ ಕಾಗದವು ಆಂಗ್ಲೇಯರ ಕೈಗೆ ಸಿಕ್ಕಿದ ಸಂಗತಿಯನ್ನು ವಾಚಕರು ಬಲ್ಲರು. ಹಿಂದೂಸ್ಥಾನದ ಭೂಪಟವನ್ನು ಆತನು ಮೊದಲು ನೋಡಿದುದು ಬಹುಶಃ ಈ ಸನ್ಯಾಸಿಗಳ ಕೊಠಡಿಯಲ್ಲಿಯೇ.

ಸಹಪಾಠಿಗಳು ಸಿರಿವಂತರ ಮಕ್ಕಳು. ಈತನ ಇಟಾಲಿಯನ್ ಉಚ್ಚಾರಣೆಯನ್ನು ಅಣಕಿಸಿದರು. ಹೆಸರನ್ನೇ ತಿರುಚಿ, ಮೂಗಿನಲ್ಲಿ ಹುಲ್ಲುಕಡ್ಡಿ ಇಟ್ಟವನೆಂಬ ಅರ್ಥ ಬರುವಂತೆ ಮಾಡಿದರು. ಸೋತ ನಾಡಿನವನೆಂಬ ಮೂದಲೆ ಬೇರೆ. ಹುಡುಗನು ತಗ್ಗಲಿಲ್ಲ, ಪಾವೊಲಿಯನ್ನು ದೇವರಂತೆ ಭಾವಿಸಿ, ಒಂಟಿಯಾಗಿ ಓದುತ್ತ ಕುಳಿತನು. ಹಿಮದ ಕೋಟೆ ಕಟ್ಟಿಸಿ ಹುಡುಗರಿಂದ ಯುದ್ಧವಾಡಿಸಿದನೆಂದು ಸಹಪಾಠಿ ಬೂರಿಯೆನ್ ಬರೆದಿರುವನು. ಆದರೆ ಬೂರಿಯೆನ್ ಮುಂದೆ ಆತನ ಕಾರ್ಯದರ್ಶಿಯಾಗಿ ಕೆಲಸ ಕಳೆದುಕೊಂಡವನು; ಅವನ ನೆನಪುಗಳನ್ನೆಲ್ಲ ನಾವು ಕಣ್ಣುಮುಚ್ಚಿ ನಂಬಲಾರೆವು.

1783ರಲ್ಲಿ ತಪಾಸಣೆಗೆ ಬಂದ ಕೆರಾಲಿಯೊ ಎಂಬ ಅಧಿಕಾರಿಯು ಹುಡುಗನ ಗಣಿತವನ್ನು ಮೆಚ್ಚಿ, ನೌಕಾದಳಕ್ಕೆ ತಕ್ಕವನೆಂದು ಬರೆದನು. ಆ ಶಿಫಾರಸು ನಡೆದಿದ್ದರೆ ಯೂರೋಪಿನ ಚರಿತ್ರೆ ಹೇಗಿರುತ್ತಿತ್ತೊ! ಮರುವರ್ಷ ಬ್ರಿಯೆನ್ನಿನಿಂದ ಐವರು ಪ್ಯಾರಿಸಿನ ವಿದ್ಯಾಲಯಕ್ಕೆ ಆಯ್ಕೆಯಾದರು. ಅಕ್ಟೋಬರಿನಲ್ಲಿ ಈತನೂ ಹೊರಟನು. ನಾಲ್ಕು ತಿಂಗಳಲ್ಲಿ ತಂದೆ ತೀರಿಹೋದನು. ಸಂಸಾರದ ಚಿಂತೆ ತಲೆಗೆ ಬಿದ್ದಿತು. ಇತರರು ಹೆಚ್ಚು ಕಾಲ ತೆಗೆದುಕೊಳ್ಳುತ್ತಿದ್ದ ವ್ಯಾಸಂಗವನ್ನು ಒಂದೇ ವರ್ಷದಲ್ಲಿ ಮುಗಿಸಿ, 1785ರ ಸೆಪ್ಟೆಂಬರಿನಲ್ಲಿ ತೋಪುಖಾನೆಯ ಪರೀಕ್ಷೆಗೆ ಕುಳಿತನು. ಪರೀಕ್ಷಕನು ಜಗದ್ವಿಖ್ಯಾತ ಗಣಿತಜ್ಞನಾದ ಲಾಪ್ಲಾಸ್. ತೇರ್ಗಡೆಯಾದ 58 ಮಂದಿಯಲ್ಲಿ ಈತನದು 42ನೆಯ ಸ್ಥಾನ. ಅಂಕಗಳ ಪಟ್ಟಿಯನ್ನೇ ನೋಡಿ ಮಕ್ಕಳ ಯೋಗ್ಯತೆಯನ್ನು ಅಳೆಯುವ ಮಹನೀಯರು ಈ ಸಂಖ್ಯೆಯನ್ನು ಗಮನಿಸಬೇಕು. ಹದಿನಾಲ್ಕು ವರ್ಷಗಳ ತರುವಾಯ ಅದೇ ಲಾಪ್ಲಾಸನನ್ನು ಈ ವಿದ್ಯಾರ್ಥಿಯು ಮಂತ್ರಿಯನ್ನಾಗಿ ಮಾಡಿ, ಆರೇ ವಾರಗಳಲ್ಲಿ ತೆಗೆದುಹಾಕಿದನು.

ಪಾಠಶಾಲೆಯು ಫ್ರೆಂಚ್ ಅಧಿಕಾರಿಯನ್ನು ತಯಾರಿಸಿತು. ಕಾರ್ಸಿಕಾದ ಅಭಿಮಾನವನ್ನು ಮಾತ್ರ ಕೂಡಲೇ ಅಳಿಸಲಾಗಲಿಲ್ಲ. ರಜೆ ದೊರೆತಾಗಲೆಲ್ಲ ಆತನು ದ್ವೀಪಕ್ಕೆ ಓಡುತ್ತಿದ್ದನು, ಅದರ ಚರಿತ್ರೆಯನ್ನು ಬರೆಯಲೂ ತೊಡಗಿದನು. ಆದರೆ ದೇಶಭ್ರಷ್ಟನಾಗಿದ್ದು 1790ರಲ್ಲಿ ಮರಳಿದ ಪಾವೊಲಿಗೆ ಈ ಮನೆತನದ ಮೇಲೆ ವಿಶ್ವಾಸ ಹುಟ್ಟಲಿಲ್ಲ. 1793ರಲ್ಲಿ ವಿರೋಧವು ಬೆಳೆದು, ತಾಯಿಮಕ್ಕಳೆಲ್ಲರೂ ಊರು ಬಿಟ್ಟು ಫ್ರಾನ್ಸಿಗೆ ಓಡಬೇಕಾಯಿತು. 1796ರಲ್ಲಿ ಆತನು ಮನೆತನದ ಹೆಸರನ್ನು ಬರೆಯುವ ಇಟಾಲಿಯನ್ ರೀತಿಯನ್ನೂ ಬಿಟ್ಟನು. 1799ರಲ್ಲಿ ಈಜಿಪ್ಟಿನಿಂದ ಮರಳುವಾಗ ಅಜಾಸಿಯೊದಲ್ಲಿ ಕೆಲವು ದಿನ ತಂಗಿದುದೇ ಕಡೆ. ಮತ್ತೆ ಹುಟ್ಟೂರನ್ನು ಕಾಣಲಿಲ್ಲ.

ಬ್ರಿಯೆನ್ನನ್ನಾದರೋ ಮತ್ತೆ ಮತ್ತೆ ಕಂಡನು. ಕ್ರಾಂತಿಯ ಕಾಲದಲ್ಲಿ ಪಾಠಶಾಲೆಯು ಮುಚ್ಚಿಹೋಗಿತ್ತು. 1805ರಲ್ಲಿ, ಇಟಲಿಯ ಕಿರೀಟವನ್ನು ಧರಿಸಲು ಮಿಲಾನಿಗೆ ಹೋಗುವ ದಾರಿಯಲ್ಲಿ, ಅಲ್ಲಿಯ ಅರಮನೆಯಲ್ಲಿ ಇಳಿದನು. 1808ರಲ್ಲಿ ಸೈನಿಕರ ಮಕ್ಕಳಿಗಾಗಿ ಲಾ ಫ್ಲೇಶ್ ಎಂಬಲ್ಲಿ ಅಂಥದೇ ಪಾಠಶಾಲೆಯನ್ನು ನೆಲೆಗೊಳಿಸಿದನು. ಅದು ಇಂದಿಗೂ ನಡೆಯುತ್ತಿದೆ. 1814ರ ಜನವರಿ 29ರಂದು ಪ್ರಷ್ಯದ ಬ್ಲೂಖರನನ್ನು ಅಟ್ಟುವುದಕ್ಕಾಗಿ, ತಾನು ಗಣಿತ ಕಲಿತ ಊರಿನ ಮೇಲೆಯೇ ತೋಪುಗಳನ್ನು ಹಾರಿಸಬೇಕಾಯಿತು. ಊರು ಉರಿದುಹೋಯಿತು. ಸೇಂಟ್ ಹೆಲೆನಾ ದ್ವೀಪದಲ್ಲಿ 1821ರಲ್ಲಿ ಬರೆಯಿಸಿದ ಮರಣಶಾಸನದಲ್ಲಿ ಆತನು ಬ್ರಿಯೆನ್ನಿಗೆಂದು ಹಣವನ್ನು ತೆಗೆದಿರಿಸಿದನು.