ರಮಾಯಿಯ ಋಣ



ಧಮ್ಮ ಬಂಧುಗಳೇ, ಇಂದಿನ ಚಿಂತನೆ: ಕತಞ್ಞುತಾ, ಅಂದರೆ ಉಪಕಾರ ಸ್ಮರಣೆ.

ಕಳೆದ ಭಾನುವಾರದ ಅಧ್ಯಯನದಲ್ಲಿ ಮಂಗಲ ಸುತ್ತ ಓದುತ್ತಿದ್ದೆವು. ಗೌರವ, ವಿನಯ, ಸಂತೃಪ್ತಿಗಳ ಸಾಲಿನಲ್ಲೇ ಕತಞ್ಞುತಾ ಎಂಬ ಪದ ಬಂತು. ಇನ್ನೊಬ್ಬರು ನಮಗಾಗಿ ಮಾಡಿದ್ದನ್ನು ಅರಿಯುವುದು, ಮರೆಯದಿರುವುದು ಎಂದು ಅರ್ಥ ಹೇಳಿದೆ. ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಸುಮ್ಮನಿರಲಿಲ್ಲ. ನಮ್ಮ ಅಪ್ಪ ಅಜ್ಜಂದಿರು ದೊಡ್ಡವರ ಅಂಗಳದಲ್ಲಿ ನಿಂತು, ಮೇಲಿಂದ ಹಾಕಿದ ಹಳಸಿದ ರೊಟ್ಟಿಗೂ ಕೈಮುಗಿದು ಉಪಕಾರ ಆಯಿತು ಅನ್ನಬೇಕಿತ್ತು, ಆ ಮುಗಿದ ಕೈ ಬಿಡಿಸಲಿಕ್ಕೇ ಬಾಬಾಸಾಹೇಬರು ಬಂದರು, ಈಗ ನೀವು ಮತ್ತೆ ಕೃತಜ್ಞರಾಗಿರಿ ಅಂತೀರಲ್ಲ ಸರ್ ಎಂದು ಕೇಳಿಬಿಟ್ಟರು.

ನನಗೆ ಆಗ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಮನೆಗೆ ಬಂದು ಗೋಡೆಯ ಮೇಲಿನ ರಮಾಯಿಯ ಫೋಟೋ ನೋಡುತ್ತ ಕುಳಿತಾಗ ಉತ್ತರ ಅಲ್ಲಿದೆ ಅನ್ನಿಸಿತು. ಆದ್ದರಿಂದ ಇಂದು ಆ ತಾಯಿಯ ಬದುಕನ್ನೇ ನಿಮ್ಮ ಮುಂದೆ ಇಡುತ್ತೇನೆ.

ರಮಾಬಾಯಿ ಹುಟ್ಟಿದ್ದು ಕೊಂಕಣದ ದಾಪೋಲಿ ಬಳಿಯ ವಣಂದ ಎಂಬ ಊರಿನ ಬಡ ಕುಟುಂಬದಲ್ಲಿ. ನಾವು ಫೆಬ್ರವರಿ 7ರಂದು ಅವರ ಜಯಂತಿ ಮಾಡುತ್ತೇವೆ. ತಂದೆ ಭಿಕು ಧಾತ್ರೆ, ದಾಭೋಳ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತು ಸಂಸಾರ ನಡೆಸುತ್ತಿದ್ದರು. ತಾಯಿ ರುಕ್ಮಿಣಿ. ಇಬ್ಬರೂ ಬೇಗ ತೀರಿಕೊಂಡರು. ಅನಾಥರಾದ ಮಕ್ಕಳನ್ನು ಬಂಧುಗಳು ಮುಂಬಯಿಯ ಭಾಯಖಳಾಕ್ಕೆ ಕರೆತಂದು ಸಾಕಿದರು.

1906ರಲ್ಲಿ ಮದುವೆ. ಹುಡುಗಿಗೆ ಒಂಬತ್ತರ ಆಸುಪಾಸು, ಹುಡುಗ ಭೀಮರಾವ್ ಇನ್ನೂ ಹೈಸ್ಕೂಲು ವಿದ್ಯಾರ್ಥಿ. ಮಂಟಪವಿಲ್ಲ, ಛತ್ರವಿಲ್ಲ. ಭಾಯಖಳಾ ಮಾರುಕಟ್ಟೆಯಲ್ಲಿ ಹಗಲಿನ ವ್ಯಾಪಾರ ಮುಗಿದು ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಹೊತ್ತು, ತೆರೆದ ಶೆಡ್ಡಿನಲ್ಲಿ ಲಗ್ನವಾಯಿತು. ಬೀಗರು ಒಂದು ಮೂಲೆಯಲ್ಲಿ, ಇವರು ಇನ್ನೊಂದು ಮೂಲೆಯಲ್ಲಿ. ಕೂರಲು ವ್ಯಾಪಾರದ ಕಲ್ಲುಕಟ್ಟೆ, ಕಾಲಡಿಯಲ್ಲಿ ಗಟಾರದ ನೀರು. ಬೆಳಗಾಗುವುದರೊಳಗೆ ಜಾಗ ಖಾಲಿ ಮಾಡಬೇಕಿತ್ತು.

1912ರ ಡಿಸೆಂಬರಿನಲ್ಲಿ ಯಶವಂತ ಹುಟ್ಟಿದ. ಎರಡು ತಿಂಗಳು ತುಂಬುವ ಮೊದಲೇ, 1913ರ ಫೆಬ್ರವರಿ 2ರಂದು ಮಾವ ರಾಮಜಿ ತೀರಿಕೊಂಡರು. ಅದೇ ವರ್ಷ ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಗಂಡ ಅಮೆರಿಕಕ್ಕೆ ಹೊರಟರು. ನ್ಯೂಯಾರ್ಕಿನಲ್ಲಿ ಅವರು ಗ್ರಂಥಾಲಯದಲ್ಲಿ ಓದುತ್ತ ಕುಳಿತಾಗ, ಇಲ್ಲಿ ಪರೇಲಿನ ಚಾಳದ ಎರಡು ಕೋಣೆಯ ಮನೆಯಲ್ಲಿ ಒಲೆ ಹೊತ್ತಿಸುವ ಚಿಂತೆ ಈ ತಾಯಿಯದು. 1917ರಲ್ಲಿ ಅವರು ಹಿಂದಿರುಗಿದರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು, ಬಂದದ್ದು 1923ರಲ್ಲಿ. ಆ ಪದವಿಗಳ ಹೆಸರನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆ ವರ್ಷಗಳಲ್ಲಿ ಮನೆಯ ಒಲೆ ಯಾರು ಹೊತ್ತಿಸಿದರು ಎಂಬುದನ್ನು ಎಷ್ಟು ಜನ ಹೇಳಿಕೊಡುತ್ತೇವೆ?

ಹೆತ್ತ ಐದು ಮಕ್ಕಳಲ್ಲಿ ನಾಲ್ವರನ್ನು ಆಕೆ ಮಣ್ಣಿಗೆ ಕೊಟ್ಟರು. ಗಂಗಾಧರ, ರಮೇಶ, ಇಂದು, ಕೊನೆಗೆ 1926ರಲ್ಲಿ ರಾಜರತ್ನ. ರಾಜರತ್ನನ ಸಾವು ಬಾಬಾಸಾಹೇಬರನ್ನೂ ಕುಗ್ಗಿಸಿತು, ಬದುಕಿನ ರುಚಿಯೇ ಹೋಯಿತೆಂಬಂತೆ ಸ್ನೇಹಿತರಿಗೆ ಕಾಗದ ಬರೆದರು. ರಮಾಯಿಯ ದುಃಖದ ಕಾಗದ ಯಾವುದೂ ನಮ್ಮ ಕೈಯಲ್ಲಿಲ್ಲ. ಮರುದಿನವೂ ನೀರು ತುಂಬಬೇಕಿತ್ತು, ಉಳಿದ ಒಬ್ಬ ಮಗನಿಗೆ ಉಣಬಡಿಸಬೇಕಿತ್ತು.

ಈ ತಾಯಿಗೆ ನಮ್ಮ ಧಾರವಾಡದ ನಂಟೂ ಇದೆ. ದಮನಿತ ವರ್ಗದ ವಿದ್ಯಾರ್ಥಿಗಳಿಗಾಗಿ ಬಾಬಾಸಾಹೇಬರ ಪ್ರಯತ್ನದಿಂದ ಅಲ್ಲಿ ವಸತಿ ನಿಲಯ ಶುರುವಾಗಿತ್ತು. ಅವರ ಸಂಗಡಿಗ ಬಲವಂತರಾವ್ ವರಾಳೆ ಅದನ್ನು ನೋಡಿಕೊಳ್ಳುತ್ತಿದ್ದರು. ಬಾಬಾಸಾಹೇಬರು ವಿದೇಶದಲ್ಲಿದ್ದಾಗ ರಮಾಯಿ ಕೆಲವು ದಿನ ವರಾಳೆಯವರ ಮನೆಯಲ್ಲಿ ಉಳಿದಿದ್ದರಂತೆ. ನಿಲಯದಲ್ಲಿ ಕಾಳುಕಡಿ ತೀರಿ ಮಕ್ಕಳು ಹಸಿದಿದ್ದಾರೆಂದು ತಿಳಿದು, ಕೈಯ ಚಿನ್ನದ ಬಳೆ ಬಿಚ್ಚಿ ಕೊಟ್ಟು ಅಡುಗೆ ಮಾಡಿಸಿದರೆಂದು ನಮ್ಮ ಭಾಗದ ಹಿರಿಯರು ಹೇಳುತ್ತ ಬಂದಿದ್ದಾರೆ. ನಾಲ್ಕು ಮಕ್ಕಳನ್ನು ಕಳೆದುಕೊಂಡವರಿಗೆ ಊರವರ ಮಕ್ಕಳ ಹಸಿವೂ ತನ್ನ ಮನೆಯದೇ ಆಗಿತ್ತು.

ಈಗ ಬಾಬಾಸಾಹೇಬರ ಕಡೆ ನೋಡೋಣ. ಅವರು ಈ ಋಣವನ್ನು ಅರಿಯದವರಲ್ಲ. 1928ರಲ್ಲಿ ತಮ್ಮ ಬಹಿಷ್ಕೃತ ಭಾರತ ಪತ್ರಿಕೆಯಲ್ಲಿ ಅದನ್ನು ಮುಚ್ಚಿಡದೆ ಬರೆದರು. ತಾನು ಪರದೇಶದಲ್ಲಿದ್ದಾಗ ಹಗಲು ರಾತ್ರಿ ಸಂಸಾರ ಹೊತ್ತವಳು ಆಕೆ, ಈಗಲೂ ಹೊರುತ್ತಿರುವವಳು ಆಕೆ, ಬಡತನದಲ್ಲಿ ಸಗಣಿಯ ಹೊರೆಯನ್ನೂ ತಲೆಯ ಮೇಲೆ ಹೊತ್ತವಳು, ಅಂಥವಳಿಗೆ ದಿನದಲ್ಲಿ ಅರ್ಧ ತಾಸು ಕೊಡಲೂ ತನಗೆ ಆಗುತ್ತಿಲ್ಲ ಎಂಬ ಅರ್ಥದಲ್ಲಿ ಒಪ್ಪಿಕೊಂಡರು. ಮಹಾಡದ ಸತ್ಯಾಗ್ರಹ ನಡೆದು ಒಂದು ವರ್ಷವೂ ತುಂಬಿರಲಿಲ್ಲ. ಸಮಾಜ ಅವರ ಪ್ರತಿ ತಾಸನ್ನೂ ಕೇಳುತ್ತಿದ್ದ ಕಾಲ.

1934ರಲ್ಲಿ ದಾದರಿನ ಹೊಸ ಮನೆ ರಾಜಗೃಹಕ್ಕೆ ಬಂದರು. ಕೊನೆಗೂ ಸ್ವಂತ ಸೂರು, ಗಾಳಿ ಬೆಳಕು. ಆದರೆ ಆ ಹೊತ್ತಿಗೆ ದೇಹ ಸೋತಿತ್ತು. 1935ರ ಮೇ 27ರಂದು ರಮಾಯಿ ಅದೇ ಮನೆಯಲ್ಲಿ ಕಣ್ಣು ಮುಚ್ಚಿದರು. ಬಾಬಾಸಾಹೇಬರು ಮಗುವಿನಂತೆ ಅತ್ತರು. ಪಂಢರಪುರಕ್ಕೆ ಹೋಗಬೇಕೆಂಬ ಆಕೆಯ ಆಸೆಗೆ, ನಮ್ಮನ್ನು ಹೊರಗೆ ನಿಲ್ಲಿಸುವ ಆ ಪಂಢರಪುರ ಬೇಡ, ನಮ್ಮದೇ ಇನ್ನೊಂದನ್ನು ಕಟ್ಟೋಣ ಎಂದು ಅವರು ಸಮಾಧಾನ ಹೇಳಿದ್ದರು. ಆಕೆ ಹೋದ ಐದೇ ತಿಂಗಳಿಗೆ ಯೇವಲಾದ ಘೋಷಣೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಧಮ್ಮ ದೀಕ್ಷೆ. ಅದನ್ನು ನೋಡಲು ರಮಾಯಿ ಇರಲಿಲ್ಲ.

ಪಾಕಿಸ್ತಾನದ ಪ್ರಶ್ನೆಯ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1940ರಲ್ಲಿ ಹೊರಬಂತು. ಅದರ ಅರ್ಪಣೆ ರಾಮುವಿಗೆ, ಅಂದರೆ ಈ ತಾಯಿಗೆ. ಆಕೆಯ ಒಳ್ಳೆಯ ಹೃದಯವನ್ನು, ಶುದ್ಧ ನಡತೆಯನ್ನು, ಯಾರೂ ಜೊತೆಗಿಲ್ಲದ ಕೊರತೆಯ ದಿನಗಳಲ್ಲಿ ತನ್ನೊಡನೆ ನೋವುಣ್ಣಲು ತಯಾರಾದ ತಾಳ್ಮೆಯನ್ನು ಅಲ್ಲಿ ನೆನೆದರು. ಓದಬೇಕಾದವರು ಹೋಗಿ ಐದು ವರ್ಷವಾಗಿತ್ತು.

ಹಿರಿಯರ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಅಂಗಳದಲ್ಲಿ ನಮ್ಮವರಿಂದ ಕೇಳಿ ಪಡೆಯುತ್ತಿದ್ದುದು ಕೃತಜ್ಞತೆಯಲ್ಲ, ಅದು ಹಂಗು. ನಮ್ಮಿಂದ ಕಿತ್ತುಕೊಂಡದ್ದರಲ್ಲೇ ಒಂದು ಚೂರು ಎಸೆದು, ತಲೆ ಬಾಗಿಸು ಎನ್ನುವುದು ಹಂಗು. ಬಾಬಾಸಾಹೇಬರು ಆ ಹಂಗನ್ನು ಹರಿದರು. ಅದೇ ಬಾಬಾಸಾಹೇಬರು ಹೆಂಡತಿಯ ಋಣವನ್ನು ಊರಿಗೆಲ್ಲ ಕೇಳುವಂತೆ ಒಪ್ಪಿಕೊಂಡರು. ಹಂಗು ತಲೆ ತಗ್ಗಿಸುತ್ತದೆ. ಕತಞ್ಞುತಾ ತಲೆ ಎತ್ತಿ ಎದುರಿನವರ ಮುಖ ನೋಡುತ್ತದೆ. ಭಗವಾನರು ಸಿಗಾಲನಿಗೆ ಹೇಳಿದ್ದೂ ಇದೇ ದಾರಿ. ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿದ್ದ ಆ ಯುವಕನಿಗೆ, ಪೂರ್ವವೆಂದರೆ ತಂದೆ ತಾಯಿ, ಪಶ್ಚಿಮವೆಂದರೆ ಹೆಂಡತಿ ಮಕ್ಕಳು, ಕೆಳಗಿನ ದಿಕ್ಕೆಂದರೆ ನಿನಗಾಗಿ ದುಡಿಯುವವರು ಎಂದು ತಿಳಿಸಿದರು. ಗಂಡನ ಐದು ಕರ್ತವ್ಯಗಳಲ್ಲಿ ಮೊದಲನೆಯದೇ ಹೆಂಡತಿಯನ್ನು ಗೌರವಿಸುವುದು.

ಇಷ್ಟು ಬರೆದು ನನ್ನ ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ.

ನನ್ನ ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕೂಲಿಗೆ ಹೋದಳು. ಅವಳ ಕೂಲಿಯಲ್ಲಿ ನನ್ನ ಬಸ್ ಪಾಸ್, ಹಾಸ್ಟೆಲಿನ ಖರ್ಚು, ಎಂ.ಎ. ಫೀ ಎಲ್ಲ ನಡೆಯಿತು. ಮೊನ್ನೆ ಹಳೆ ಟ್ರಂಕಿನಲ್ಲಿ ನನ್ನ ಎಂ.ಎ. ಕಿರುಪ್ರಬಂಧ ಸಿಕ್ಕಿತು. ಮೊದಲ ಪುಟದಲ್ಲಿ ಕೃತಜ್ಞತೆಗಳು ಎಂಬ ತಲೆಬರಹ. ಮಾರ್ಗದರ್ಶಕರು, ಗ್ರಂಥಪಾಲಕರು, ರೂಮಿನ ಗೆಳೆಯರು, ಟೈಪ್ ಮಾಡಿಕೊಟ್ಟವರು, ಎಲ್ಲರ ಹೆಸರೂ ಇತ್ತು. ಅಕ್ಕನ ಹೆಸರು ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪೇ ಬಂದಿರಲಿಲ್ಲ. ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ ಎಂದು ನಾವೆಲ್ಲ ಅಂದುಕೊಳ್ಳುತ್ತೇವಲ್ಲ, ಹಾಗೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅಕ್ಕನ ಊರಿಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು. ಎದುರು ಕುಳಿತು, ನೀ ದುಡಿದದ್ದಕ್ಕೆ ನಾ ಓದಿದೆ ಅಕ್ಕಾ, ಇಷ್ಟು ದಿನ ಹೇಳಲಿಲ್ಲ ಅಂದೆ. ಅವಳು ಬಡಿಯುವುದು ನಿಲ್ಲಿಸಿ ನನ್ನ ಮುಖ ನೋಡಿ, ಯಾಕೋ ತಮ್ಮಾ, ಮೈಯಾಗ ಹುಷಾರ ಐತಿಲ್ಲೋ ಅಂತ ಕೇಳಿದಳು. ನಗು ಬಂತು ಇಬ್ಬರಿಗೂ. ಆಮೇಲೆ ರೊಟ್ಟಿ ತಿರುವಿ ಹಾಕುತ್ತ, ತನಗೂ ಓದಬೇಕು ಅಂತ ಭಾಳ ಇತ್ತು ಎಂದಳು. ನಾನು ಎಂದೂ ಕೇಳಿರದ ಮಾತು ಅದು. ಧನ್ಯವಾದ ಹೇಳಲು ಹೋದವನಿಗೆ ಅವಳು ಕಳೆದುಕೊಂಡದ್ದೂ ಆ ದಿನವೇ ಕಂಡಿತು. ಅದನ್ನು ತೀರಿಸುವ ಮಾತು ನನ್ನ ಹತ್ತಿರ ಇಲ್ಲ. ಅವಳ ಮಗಳು ಈಗ ಪಿಯುಸಿ. ಅವಳ ಓದಿನ ಖರ್ಚು ನನ್ನದು ಎಂದು ಹೇಳಿ ಬಂದಿದ್ದೇನೆ. ಇದು ಉಪಕಾರವಲ್ಲ, ಹಿಂದಿರುಗಿಸುವುದು.

ಬಂಧುಗಳೇ, ಬಾಬಾಸಾಹೇಬರಿಗೆ ಅರ್ಧ ತಾಸು ಇರಲಿಲ್ಲ, ಕೋಟ್ಯಂತರ ಜನರ ಭಾರ ಅವರ ಮೇಲಿತ್ತು. ನಮಗೆ ಆ ನೆಪವಿಲ್ಲ. ಇಂದು ಸಂಜೆ ವಂದನೆಗೆ ಕುಳಿತಾಗ, ತ್ರಿಶರಣ ಪಂಚಶೀಲದ ನಂತರ ಒಂದು ನಿಮಿಷ ಸುಮ್ಮನಿದ್ದು, ಇವತ್ತು ನನಗಾಗಿ ಯಾರು ಏನು ಮಾಡಿದರು ಎಂದು ನೆನೆಯೋಣ. ನೀರು ಕಾಯಿಸಿದವರು, ಡಬ್ಬಿ ಕಟ್ಟಿದವರು, ಬೀದಿ ಗುಡಿಸಿದವರು. ನೆನೆದದ್ದನ್ನು ಮಲಗುವ ಮೊದಲು ಅವರ ಮುಂದೆ ಒಂದು ಮಾತಿನಲ್ಲಿ ಹೇಳೋಣ. ಹೇಳಿದ ಮೇಲೆ ಅವರ ಕೈಯ ಕೆಲಸದಲ್ಲಿ ಒಂದನ್ನಾದರೂ ನಮ್ಮ ಕೈಗೆ ತೆಗೆದುಕೊಳ್ಳೋಣ.

ಅವರು ಕೇಳಿಸಿಕೊಳ್ಳಲು ಇರುವಾಗಲೇ ಹೇಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.