ಕುದುರೆಯ ಹೆಜ್ಜೆಗೆ ಲೇಖನಿ ಕೊಟ್ಟವನು

ಕಾರವಾರದಿಂದ ಅಂಕೋಲೆಯವರೆಗಿನ ಕಡಲ ಹಾದಿಯಲ್ಲಿ ಈಗ ಕುದುರೆಯ ಗೊರಸಿನ ಸದ್ದು ಕೇಳುವುದು ಅಪರೂಪ. ವಿಜಯನಗರದ ಕಾಲದಲ್ಲಿ ಇದೇ ಕರಾವಳಿಯ ಭಟ್ಕಳ, ಹೊನ್ನಾವರಗಳಲ್ಲಿ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದವು. 1567ರಲ್ಲಿ ಮುನ್ನೂರು ಕುದುರೆಗಳನ್ನು ಒಯ್ಯುತ್ತಿದ್ದ ವ್ಯಾಪಾರಿಗಳೊಡನೆ ಗೋವೆಯಿಂದ ವಿಜಯನಗರಕ್ಕೆ ಹೋದ ವೆನಿಸ್ಸಿನ ಚೇಸರೆ ಫೆಡರಿಚಿ ಮರಳಿದ್ದು ಅಂಕೋಲೆಯ ಮಾರ್ಗವಾಗಿ. ದುಬಾರಿ ಬೆಲೆಯ ಆ ಪ್ರಾಣಿಯ ಕಾಲಿನಲ್ಲಿ ನೋವು ಅಡಗಿದೆಯೇ ಎಂದು ತಿಳಿಯಲು ಕೊಳ್ಳುವವನಿಗೆ ಇದ್ದ ಮುಖ್ಯ ಸಾಧನ ಪಳಗಿದ ಕಣ್ಣು. ಅಮರಕೋಶವು ಕುದುರೆಯ ನಡೆಗೆ ಐದು ಹೆಸರುಗಳನ್ನು ಕೊಟ್ಟಿದೆ. ನಮ್ಮ ಹಿರಿಯರು ಅಷ್ಟು ಸೂಕ್ಷ್ಮವಾಗಿ ನೋಡಿದ್ದರು. ಆದರೆ ಕಣ್ಣು ಎಷ್ಟನ್ನು ಕಾಣಬಲ್ಲದು? ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವನು ಫ್ರಾನ್ಸಿನ ಏತಿಯೆನ್ ಜೂಲ್ ಮಾರೆ.

ಮಾರೆ ಹುಟ್ಟಿದ್ದು 1830ರ ಮಾರ್ಚ್ 5ರಂದು, ದ್ರಾಕ್ಷಾರಸಕ್ಕೆ ಹೆಸರಾದ ಬೋನ್ ಎಂಬ ಊರಿನಲ್ಲಿ. ಮಗ ವೈದ್ಯನಾಗಲೆಂಬುದು ತಂದೆಯ ಆಸೆ. ಮಗನ ಮನಸ್ಸು ಯಂತ್ರಗಳತ್ತ. ತಂದೆಯ ಮಾತಿಗೆ ತಲೆಬಾಗಿ ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದಿದರೂ ಯಂತ್ರದ ಮೋಹ ಅವನನ್ನು ಬಿಡಲಿಲ್ಲ. 1860ರಲ್ಲಿ ಮಣಿಕಟ್ಟಿಗೆ ಕಟ್ಟುವ ನಾಡಿಲೇಖಕವೊಂದನ್ನು ರೂಪಿಸಿದ. ವೈದ್ಯನ ಬೆರಳ ತುದಿಗಷ್ಟೇ ತಿಳಿಯುತ್ತಿದ್ದ ಮಿಡಿತ ಕಾಗದದ ಮೇಲೆ ಅಲೆಯಾಗಿ ಮೂಡಿತು. ಒಬ್ಬನ ಅನುಭವ ಹಲವರು ಪರೀಕ್ಷಿಸಬಹುದಾದ ಸಾಕ್ಷ್ಯವಾಯಿತು. 1869ರಲ್ಲಿ ಅವನು ಕಾಲೇಜ್ ದ ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕನಾದ.

ಅದೇ ವಿಧಾನವನ್ನು ಅವನು ಕುದುರೆಗೂ ಅನ್ವಯಿಸಿದ. ನಾಲ್ಕೂ ಗೊರಸುಗಳ ಅಡಿಗೆ ರಬ್ಬರಿನ ಪುಟ್ಟ ಚೆಂಡುಗಳನ್ನು ಅಳವಡಿಸಿದ. ಗೊರಸು ನೆಲಕ್ಕೆ ತಾಗಿದೊಡನೆ ಚೆಂಡು ಅದುಮಿ, ಒಳಗಿನ ಗಾಳಿ ಕೊಳವೆಯ ಮೂಲಕ ಸವಾರನ ಕೈಯಲ್ಲಿದ್ದ ಯಂತ್ರಕ್ಕೆ ಒತ್ತಡವನ್ನು ಮುಟ್ಟಿಸುತ್ತಿತ್ತು. ಅಲ್ಲಿ ತಿರುಗುವ ಉರುಳೆಗೆ ಸುತ್ತಿದ, ಮಸಿ ಹಿಡಿಸಿದ ಕಾಗದದ ಮೇಲೆ ಸೂಜಿಗಳು ಗೆರೆ ಎಳೆಯುತ್ತಿದ್ದವು. ಹೀಗೆ ಕುದುರೆ ತನ್ನ ನಡೆಯನ್ನು ತಾನೇ ಬರೆಯಿತು. ಓಡುವ ಕುದುರೆಯ ನಾಲ್ಕೂ ಕಾಲುಗಳು ಕ್ಷಣಮಾತ್ರ ನೆಲ ಬಿಡುತ್ತವೆಯೇ ಎಂಬ ಹಳೆಯ ವಿವಾದಕ್ಕೆ, ಬಿಡುತ್ತವೆ ಎಂದು ಆ ಗೆರೆಗಳು ಉತ್ತರಿಸಿದವು. 1873ರಲ್ಲಿ ಪ್ರಕಟವಾದ ಅವನ ಗ್ರಂಥ ಅಮೆರಿಕದ ರೈಲ್ವೆ ಧನಿಕ ಲೀಲ್ಯಾಂಡ್ ಸ್ಟ್ಯಾನ್‌ಫೋರ್ಡನ ಗಮನ ಸೆಳೆಯಿತು. ಅವನ ಆಶ್ರಯದಲ್ಲಿ ಈಡ್ವರ್ಡ್ ಮೈಬ್ರಿಜ್ 1878ರಲ್ಲಿ ಸಾಲು ಕ್ಯಾಮೆರಾಗಳಿಂದ ತೆಗೆದ ಚಿತ್ರಗಳು ಅದನ್ನೇ ದೃಢಪಡಿಸಿದವು. ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಹಾರುವ ಕುದುರೆಯನ್ನು ಬಿಡಿಸುತ್ತಿದ್ದ ಚಿತ್ರಕಾರರು ತಪ್ಪಿದ್ದರು. ಕಾಲುಗಳು ಗಾಳಿಯಲ್ಲಿರುವುದು ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ.

ಆ ಚಿತ್ರಗಳನ್ನು ಕಂಡ ಮಾರೆ ಅಸೂಯೆಪಡದೆ ಸಂತೋಷಪಟ್ಟು ತಾನೂ ಛಾಯಾಗ್ರಹಣವನ್ನು ಕೈಗೆತ್ತಿಕೊಂಡ. 1882ರಲ್ಲಿ ಸೆಕೆಂಡಿಗೆ 12 ಚಿತ್ರ ತೆಗೆಯುವ ಬಂದೂಕಿನಾಕಾರದ ಕ್ಯಾಮೆರಾ ರೂಪಿಸಿದ. ಸಿನಿಮಾದ ಪೂರ್ವಜರಲ್ಲಿ ಅದೂ ಒಂದು. ಆದರೆ ಅವನಿಗೆ ಬೇಕಿದ್ದುದು ಕಣ್ಣಿಗೆ ನಿಲುಕದ ಚಲನೆಯ ಲೆಕ್ಕವೇ ಹೊರತು ಮನರಂಜನೆಯಲ್ಲ. 1904ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನಂತೆ 1830ರಲ್ಲೇ ಹುಟ್ಟಿದ್ದ ಮೈಬ್ರಿಜ್ ಕೂಡ ಅದೇ ತಿಂಗಳು ಕಣ್ಮುಚ್ಚಿದ.

ಇಂದು ರಬ್ಬರ್ ಚೆಂಡಿನ ಜಾಗಕ್ಕೆ ಪುಟ್ಟ ಸೆನ್ಸರ್‌ಗಳು ಬಂದಿವೆ. ಕುದುರೆಯ ತಲೆಗೂ ಸೊಂಟಕ್ಕೂ ಅಂಟಿಸಿದರೆ ಅವು ಪ್ರತಿ ಹೆಜ್ಜೆಯ ಏರಿಳಿತವನ್ನು ತಂತಿಯಿಲ್ಲದೆ ಗಣಕಕ್ಕೆ ರವಾನಿಸುತ್ತವೆ. ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲ ಮುಟ್ಟುವಾಗ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ. ಆ ಎತ್ತರದ ವ್ಯತ್ಯಾಸ ಕೆಲವೇ ಮಿಲಿಮೀಟರುಗಳಷ್ಟಿದ್ದಾಗ ಅನುಭವಿ ಪಶುವೈದ್ಯರ ಅಭಿಪ್ರಾಯಗಳೂ ಪರಸ್ಪರ ಹೊಂದುವುದಿಲ್ಲ. ಆದರೆ ಆ ತೀರ್ಪಿನ ಮೇಲೆ, ನೋಯುವ ಕಾಲಿನಲ್ಲೇ ಪ್ರಾಣಿ ಪಂದ್ಯಕ್ಕೆ ಇಳಿಯಬೇಕೇ ಎಂಬುದು ನಿಂತಿರುತ್ತದೆ. ಬೇಟೆಗೆ ಗುರಿಯಾಗುವ ಕುಲದ ಕುದುರೆ ತನ್ನ ನೋವನ್ನು ಸುಲಭವಾಗಿ ತೋರಗೊಡುವುದಿಲ್ಲ.

ಯಂತ್ರ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನಿಜ. ನಡೆ ಎಲ್ಲಿ ತಪ್ಪುತ್ತಿದೆ ಎಂದು ಅದು ತೋರಿಸೀತು; ಏಕೆ ತಪ್ಪುತ್ತಿದೆ ಎಂದು ಹುಡುಕಬೇಕಾದವನು ವೈದ್ಯನೇ. ಪಳಗಿದ ಕಣ್ಣನ್ನು ಮಾರೆ ಅವಮಾನಿಸಲಿಲ್ಲ, ಅದರ ಮಿತಿಯನ್ನು ತೋರಿಸಿಕೊಟ್ಟ. ಅಂಕೋಲೆಯ ದಾರಿಯಲ್ಲಿ ಓಡಾಡಿದ ವ್ಯಾಪಾರಿಗೆ ಕುದುರೆಯ ಕುಂಟುತನವೆಂದರೆ ನಷ್ಟದ ಭಯ. ಮಾರೆ ತೆರೆದ ದಾರಿಯಲ್ಲಿ ಅದು, ಮಾತು ಬಾರದ ಜೀವಿ ಕೊಡುವ ಸಾಕ್ಷ್ಯವೂ ಆಯಿತು.