ಸ್ಯಾಮ್ ಕುಕ್

ಸ್ಯಾಮ್ ಕುಕ್ (ಜನವರಿ ೨೨, ೧೯೩೧ – ಡಿಸೆಂಬರ್ ೧೧, ೧೯೬೪) ಅಮೆರಿಕದ ಗಾಯಕರು ಹಾಗೂ ಗೀತರಚನಕಾರರು. ಆಫ್ರಿಕನ್-ಅಮೆರಿಕನ್ನರ ಚರ್ಚುಗಳ ಭಕ್ತಿಗಾಯನವಾದ ಗಾಸ್ಪೆಲ್ ಶೈಲಿಯನ್ನು ಲೌಕಿಕ ಪ್ರೇಮಗೀತೆಗೆ ತಂದು ಸೋಲ್ ಸಂಗೀತಕ್ಕೆ ಬುನಾದಿ ಹಾಕಿದವರಲ್ಲಿ ಅವರು ಪ್ರಮುಖರು. ೧೯೫೭ರಲ್ಲಿ ಬಿಡುಗಡೆಯಾದ 'ಯು ಸೆಂಡ್ ಮಿ' ಅವರ ಅತ್ಯಂತ ಪ್ರಸಿದ್ಧ ಗೀತೆಗಳಲ್ಲೊಂದು.

ಬಾಲ್ಯ ಮತ್ತು ಭಕ್ತಿಗಾಯನ

ಕುಕ್ ಅವರು ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್‌ನಲ್ಲಿ ಜನಿಸಿದರು. ತಂದೆ ಕ್ರೈಸ್ತ ಧರ್ಮಬೋಧಕರು. ಎಳವೆಯಲ್ಲಿಯೇ ಕುಟುಂಬವು ಷಿಕಾಗೋ ನಗರಕ್ಕೆ ವಲಸೆ ಬಂದಿತು. ಒಡಹುಟ್ಟಿದವರೊಡನೆ ಚರ್ಚಿನಲ್ಲಿ ಹಾಡುತ್ತ ಬೆಳೆದ ಅವರು, ೧೯೫೦ರಲ್ಲಿ 'ಸೋಲ್ ಸ್ಟಿರರ್ಸ್' ಎಂಬ ಹೆಸರಾಂತ ಗಾಸ್ಪೆಲ್ ತಂಡದ ಮುಖ್ಯ ಗಾಯಕರಾದರು.

ಲೌಕಿಕ ಸಂಗೀತದತ್ತ

ದೇವರ ಹಾಡುಗಳನ್ನು ಹಾಡುವವರು ಪ್ರೇಮಗೀತೆ ಹಾಡುವುದು ಅಂದಿನ ಗಾಸ್ಪೆಲ್ ಶ್ರೋತೃಗಳಿಗೆ ಸಮ್ಮತವಿರಲಿಲ್ಲ. ಆ ಕಾರಣದಿಂದ ೧೯೫೬ರಲ್ಲಿ ತಮ್ಮ ಮೊದಲ ಲೌಕಿಕ ಗೀತೆಯನ್ನು ಅವರು ಡೇಲ್ ಕುಕ್ ಎಂಬ ಬದಲಿ ಹೆಸರಿನಲ್ಲಿ ಹೊರತಂದರು. ಆದರೆ ಕೇಳುಗರು ಧ್ವನಿಯನ್ನು ಗುರುತಿಸಿದರು. ಮರುವರ್ಷ ಅವರು ತಂಡವನ್ನು ತೊರೆದರು.

ಯು ಸೆಂಡ್ ಮಿ

ಈ ಗೀತೆಯ ಧ್ವನಿಮುದ್ರಣ ೧೯೫೭ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆಯಿತು. ಹಿನ್ನೆಲೆ ಗಾಯನದ ಮೃದು ಶೈಲಿಯನ್ನು ಒಪ್ಪದ ಸ್ಪೆಷಾಲ್ಟಿ ಸಂಸ್ಥೆಯ ಮಾಲೀಕ ಆರ್ಟ್ ರೂಪ್ ಅದನ್ನು ಬಿಟ್ಟುಕೊಟ್ಟರು. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ಅದನ್ನು ಕೀನ್ ಸಂಸ್ಥೆಗೆ ಕೊಂಡೊಯ್ದರು. 'ಸಮರ್‌ಟೈಮ್' ಗೀತೆಯ ಮುದ್ರಿಕೆಯ ಹಿಂಬದಿಯಲ್ಲಿದ್ದರೂ ಜನರು ಮೆಚ್ಚಿದ್ದು ಇದನ್ನೇ. ಬಿಲ್‌ಬೋರ್ಡ್‌ನ ಪಾಪ್ ಹಾಗೂ ರಿದಮ್ ಅಂಡ್ ಬ್ಲೂಸ್ ಪಟ್ಟಿಗಳೆರಡರಲ್ಲೂ ಇದು ಮೊದಲ ಸ್ಥಾನ ಪಡೆಯಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಪ್ರಕಾಶನ ಹಕ್ಕಿನ ತೊಡಕಿನಿಂದಾಗಿ ರಚನೆಕಾರರ ಹೆಸರಿನ ಸ್ಥಳದಲ್ಲಿ ಸಹೋದರ ಎಲ್. ಸಿ. ಅವರ ಹೆಸರನ್ನು ಮುದ್ರಿಸಲಾಗಿತ್ತು.

ಗೀತೆಯ ಶೀರ್ಷಿಕೆಯು, ಪ್ರಿಯರ ಸನ್ನಿಧಿಯಲ್ಲಿ ಮೈಮರೆಯುವುದನ್ನು ಸೂಚಿಸುವ ಅಂದಿನ ಆಡುನುಡಿ. ಸಾಹಿತ್ಯ ಅತಿ ಸರಳವಾದುದು. ಕೆಲವೇ ಪದಗಳು ಮರುಕಳಿಸುತ್ತವೆ. ಒಂದೇ ಅಕ್ಷರವನ್ನು ಹಲವು ಸ್ವರಗಳಲ್ಲಿ ತೇಲಿಸುವ ಗಾಸ್ಪೆಲ್ ಕ್ರಮವೇ ಅದಕ್ಕೆ ಭಾವವನ್ನು ತುಂಬುತ್ತದೆ. ಚರ್ಚಿನಲ್ಲಿ ಕಲಿತ ವಿದ್ಯೆಯೇ ಪ್ರೇಮಗೀತೆಗೆ ಒದಗಿಬಂದಿತು. ಓಟಿಸ್ ರೆಡ್ಡಿಂಗ್ ಮತ್ತು ಅರೀಥಾ ಫ್ರಾಂಕ್ಲಿನ್ ಸೇರಿದಂತೆ ಅನೇಕರು ಈ ಗೀತೆಯನ್ನು ಮರಳಿ ಹಾಡಿದ್ದಾರೆ.

ಸಂಸ್ಥೆ ಹಾಗೂ ಹಕ್ಕುಗಳು

ಹಾಡಿನ ಗಳಿಕೆ ಅದರ ರಚನೆಕಾರರಿಗೇ ಸೇರಬೇಕೆಂಬ ನಿಲುವಿನಿಂದ ಕುಕ್ ಅವರು ಸ್ವಂತ ಪ್ರಕಾಶನವನ್ನೂ, ಜೆ. ಡಬ್ಲ್ಯೂ. ಅಲೆಕ್ಸಾಂಡರ್ ಮೊದಲಾದವರೊಡನೆ ಎಸ್‌ಎಆರ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯನ್ನೂ ನಡೆಸಿದರು. ಕಪ್ಪು ಕಲಾವಿದರಲ್ಲಿ ಇದು ಆಗ ವಿರಳವಾಗಿತ್ತು. ೧೯೬೩ರಲ್ಲಿ ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ನಗರದಲ್ಲಿ ಅವರಿಗೆ ಹೋಟೆಲ್ ಕೋಣೆಯನ್ನು ನಿರಾಕರಿಸಲಾಯಿತು. ಪ್ರತಿಭಟಿಸಿದಾಗ ಬಂಧನವೂ ಆಯಿತು. ಅವರ 'ಎ ಚೇಂಜ್ ಈಸ್ ಗಾನ್ನಾ ಕಮ್' ಗೀತೆಯು ನಾಗರಿಕ ಹಕ್ಕುಗಳ ಚಳವಳಿಯ ಹಾಡಾಯಿತು.

ನಿಧನ ಮತ್ತು ಪ್ರಭಾವ

೧೯೬೪ರ ಡಿಸೆಂಬರ್ ೧೧ರಂದು, ತಮ್ಮ ೩೩ನೆಯ ವಯಸ್ಸಿನಲ್ಲಿ, ಕುಕ್ ಅವರು ಲಾಸ್ ಏಂಜಲೀಸ್‌ನ ಮೋಟೆಲ್ ಒಂದರಲ್ಲಿ ಗುಂಡೇಟಿನಿಂದ ಮೃತಪಟ್ಟರು. ಗುಂಡು ಹಾರಿಸಿದ ವ್ಯವಸ್ಥಾಪಕಿಯದು ಆತ್ಮರಕ್ಷಣೆಯ ಕೃತ್ಯವೆಂದು ವಿಚಾರಣೆಯು ತೀರ್ಮಾನಿಸಿತು. ಕುಟುಂಬದವರು ಇದನ್ನು ಪ್ರಶ್ನಿಸಿದರು.

೧೯೮೬ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದ ಮೊದಲ ಕಲಾವಿದರ ಸಾಲಿನಲ್ಲಿ ಅವರಿದ್ದರು. ಅದೇ ವರ್ಷ ಮರುಬಿಡುಗಡೆಯಾದ ಅವರ ೧೯೬೦ರ ಗೀತೆ 'ವಂಡರ್‌ಫುಲ್ ವರ್ಲ್ಡ್' ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿತು.